ಬೇಲಿಯ ಮುಳ್ಳುಗೋರಂಟೆ, ಅಂಗಡಿಯ ಸಹಚರ: ಎರಡೂ ಒಂದೆಯಾ? ಕಾಲಿಗೆ ಎಣ್ಣೆ ಕಾಯಿಸುವ ಕ್ರಮವೂ ಬೇಕು

ಪೆರ್ಲದ ತೋಟ:

ನಮಸ್ಕಾರ. ಪೆರ್ಲ, ಬದಿಯಡ್ಕ ಕಡೆಯ ಗುಡ್ಡೆಬದಿಗಳಲ್ಲಿ, ಬೇಲಿಗಳಲ್ಲಿ ಕಾಣುವ ಹಳದಿ ಹೂವಿನ ಮುಳ್ಳುಗೋರಂಟೆಯ ಬಗ್ಗೆ ಗೊತ್ತಿರುವವರು ದಯವಿಟ್ಟು ತಿಳಿಸಬೇಕು.

ಮನೆಯ ಹಿರಿಯರೊಬ್ಬರಿಗೆ ಸೊಂಟದಿಂದ ಕಾಲಿಗೆ ಇಳಿಯುವ ನೋವಿಗೆ ವೈದ್ಯರು ಸಹಚರಾದಿ ಕಷಾಯ ಬರೆದಿದ್ದಾರೆ. ಬಾಟ್ಲಿಯದ್ದು ಬೇಡ, ಸಾಮಾನು ತಂದು ಮನೆಯಲ್ಲೇ ಕುದಿಸಿ ಅಂತ ಹೇಳಿದ್ದಾರೆ. ಕಾಸರಗೋಡಿನ ಮದ್ದಿನ ಅಂಗಡಿಯಲ್ಲಿ ಸಹಚರ ಎಂದು ಕೊಟ್ಟ ಕಡ್ಡಿಗಳಲ್ಲಿ ಮುಳ್ಳೇ ಇಲ್ಲ. ಕನ್ನಡದಲ್ಲಿ ಓದಿದಲ್ಲೆಲ್ಲ ಸಹಚರ ಅಂದರೆ ಮುಳ್ಳುಗೋರಂಟೆ ಎಂದೇ ಉಂಟು. ಅಂಗಡಿಯವರು ಬೇರೆ ಏನಾದರೂ ಕೊಟ್ಟರಾ? ಬೇಲಿಯದ್ದನ್ನೇ ಕಿತ್ತು ಹಾಕಿದರೆ ಆಗುತ್ತದಾ?

ಇನ್ನೊಂದು, ಮಳೆಗಾಲದಲ್ಲಿ ತೋಟದ ಕೆಲಸ ಮಾಡುವವರ ಹಿಮ್ಮಡಿ ಒಡೆಯುವುದಕ್ಕೆ, ಬೆರಳ ಸಂದಿಯ ಕೆಸರುಹುಣ್ಣಿಗೆ ಇದರ ಎಲೆ ಹಾಕಿ ಎಣ್ಣೆ ಕಾಯಿಸುತ್ತಾರೆ. ಅದರ ಅಳತೆ, ಪಾಕ ಸರಿಯಾಗಿ ಹೇಳಿದರೆ ಉಪಕಾರ. ಅಂದಾಜಿನಲ್ಲಿ ಕಾಯಿಸಿದ್ದು ತಿಂಗಳೊಳಗೆ ಮುಗ್ಗಲು ವಾಸನೆ ಬರುತ್ತದೆ.

ಪದವಿನಂಚು:

ಅಂಗಡಿಯವರು ಕೊಟ್ಟದ್ದೂ ಸರಿ, ನೀವು ಓದಿದ್ದೂ ಸರಿ. ಸಹಚರ ಎಂಬ ಹೆಸರಿನಲ್ಲಿ ಎರಡು ಗಿಡ ಬಳಕೆಯಲ್ಲಿವೆ. ಕಾಸರಗೋಡು ಆ ಎರಡು ಪದ್ಧತಿ ಸೇರುವ ಜಾಗ ಆದ ಕಾರಣ ನಮ್ಮಲ್ಲಿ ಈ ಗೊಂದಲ ಹೆಚ್ಚು.

ನಿಮ್ಮ ಬೇಲಿಯದ್ದು ಬಾರ್ಲೇರಿಯಾ ಪ್ರಿಯೋನೈಟಿಸ್. ಭಾರತೀಯ ಆಯುರ್ವೇದ ಫಾರ್ಮಕೋಪಿಯದಲ್ಲಿ, ಅಂದರೆ ಸರ್ಕಾರದ ಅಧಿಕೃತ ಮದ್ದಿನ ಗ್ರಂಥದಲ್ಲಿ, ಸಹಚರ ಎಂದರೆ ಇದೇ. ಕರ್ನಾಟಕದಲ್ಲೂ ಅದರಿಂದಾಚೆ ಉತ್ತರಕ್ಕೂ ಹೆಚ್ಚಾಗಿ ಇದನ್ನೇ ಹಾಕುತ್ತಾರೆ. ಮಲೆಯಾಳದಲ್ಲಿ ಈ ಗಿಡಕ್ಕೆ ಚೆಮ್ಮುಳ್ಳಿ ಎನ್ನುತ್ತಾರೆ. ಆದರೆ ಕೇರಳದ ವೈದ್ಯಪರಂಪರೆಯಲ್ಲಿ ಸಹಚರಾದಿ ಕಷಾಯಕ್ಕೆ ಹಾಕುವುದು ಕರಿಂಕುರಿಞ್ಞಿ. ಅದು ಸ್ಟ್ರೋಬಿಲಾಂಥಿಸ್ ಸಿಲಿಯೇಟಾ, ಹಳೆಯ ಹೆಸರು ನೀಲಗಿರಿಯಾಂಥಸ್ ಸಿಲಿಯೇಟಸ್. ಎರಡೂ ಅಕಾಂಥೇಸಿ ಕುಟುಂಬದವೇ, ಆದರೆ ಕುಲ ಬೇರೆ, ಬೆಳೆಯುವ ಜಾಗ ಬೇರೆ. ಕರಿಂಕುರಿಞ್ಞಿ ಘಟ್ಟದ ನೆರಳು, ತೇವ ಇರುವಲ್ಲಿ ಬರುವ ಮುಳ್ಳಿಲ್ಲದ ಗಿಡ. ಮುಳ್ಳುಗೋರಂಟೆಗೆ ಬಿಸಿಲು ಬೇಕು, ಮುರಕಲ್ಲಿನ ಪದವಿನ (ಬಯಲು ಗುಡ್ಡದ) ಅಂಚಿನಲ್ಲೂ ಬದುಕುತ್ತದೆ.

ಹಸಿ ಗಿಡವನ್ನು ಗುರುತಿಸುವುದು ಸುಲಭ. ಸೊಂಟದೆತ್ತರದ ಪೊದೆ, ಎದುರುಬದುರು ಎಲೆ, ಎಲೆಯ ತುದಿಯಲ್ಲೂ ಒಂದು ಸಣ್ಣ ಚುಚ್ಚು. ಎಲೆಯ ಕಂಕುಳಲ್ಲಿ ಒಂದೇ ಬುಡದಿಂದ ಎರಡು, ಮೂರು, ಕೆಲವೊಮ್ಮೆ ನಾಲ್ಕು ಸೂಜಿಯಂಥ ಮುಳ್ಳು ಕವಲೊಡೆದಿರುತ್ತವೆ. ಹೂ ಅರಿಶಿನ ಹಳದಿ, ಮಳೆ ನಿಂತ ಮೇಲೆ ಜೋರು. ಕಾಯಿಗೆ ಕೊಕ್ಕಿನಂಥ ತುದಿ, ಒಳಗೆ ಎರಡು ಚಪ್ಪಟೆ ಬೀಜ. ಒಣಗಿದ ಕಡ್ಡಿಯಲ್ಲಿ ಗೆಣ್ಣು ನೋಡಿ: ಮುಳ್ಳು ಮುರಿದಿದ್ದರೂ ಅದರ ಗಟ್ಟಿ ಬುಡ ಉಳಿದಿರುತ್ತದೆ. ಗೆಣ್ಣು ನುಣ್ಣಗೆ ಉಬ್ಬಿದ್ದು, ಮುಳ್ಳಿನ ಗುರುತೇ ಇಲ್ಲ ಎಂದಾದರೆ ಅದು ಮುಳ್ಳುಗೋರಂಟೆ ಅಲ್ಲ.

ಮುಳ್ಳು ಕಂಡ ಕೂಡಲೇ ಸಹಚರ ಎಂದುಕೊಳ್ಳುವುದೂ ಬೇಡ. ಗದ್ದೆಯ ನೀರಿನಲ್ಲಿ ಬರುವ ಕೊಳವಳಿಕೆಗೆ, ಮಲೆಯಾಳದ ವಯಲ್ಚುಳ್ಳಿಗೆ, ಗೆಣ್ಣಿನ ಸುತ್ತ ಆರು ಮುಳ್ಳು, ಹೂ ನೇರಳೆ. ಚಂದ್ರಗಿರಿ ಹೊಳೆಯ ಉಪ್ಪುನೀರಿನ ಬದಿಯ ಹೊಳೆಚುಳ್ಳಿಗೆ ಎಲೆಯಂಚಿನಲ್ಲೇ ಮುಳ್ಳು, ಹೂ ನೀಲಿ. ಎರಡೂ ಮದ್ದಿನ ಗಿಡಗಳೇ, ಆದರೆ ಉಪಯೋಗ ಬೇರೆ.

ಈಗ ಕಷಾಯಕ್ಕೆ ಬರುವ. ಸಹಚರಾದಿ ಎಂದರೆ ಮೂರೇ ಸಾಮಾನು: ಸಹಚರ, ದೇವದಾರು, ಶುಂಠಿ. ಅಷ್ಟಾಂಗಹೃದಯ ಎಂಬ ಹಳೆಯ ಆಯುರ್ವೇದ ಗ್ರಂಥದ ವಾತವ್ಯಾಧಿ ಚಿಕಿತ್ಸೆಯಲ್ಲಿ ಬರುವ ಯೋಗ ಇದು. ಕುದಿಸಿದ ಕಷಾಯಕ್ಕೆ ಎಣ್ಣೆ ಬೆರೆಸಿ ಕುಡಿಯಬೇಕು ಎಂದು ಅಲ್ಲೇ ಹೇಳಿದೆ, ನಡಿಗೆ ಕಷ್ಟವಾದ ವಾತರೋಗಿಗೆ ಹೇಳಿದ್ದು. ಶಾರ್ಙ್ಗಧರ ಸಂಹಿತೆ ಎಂಬ ಇನ್ನೊಂದು ಹಳೆಯ ವೈದ್ಯಗ್ರಂಥದ ಸಾಮಾನ್ಯ ಅಳತೆಯಲ್ಲಿ ಒಂದು ಪಲ ಸಾಮಾನಿಗೆ 16 ಪಾಲು ನೀರು, ಎಂಟನೇ ಒಂದು ಪಾಲಿಗೆ ಇಳಿಸುವುದು. ಪಲ ಎಂದರೆ ಈಗಿನ ಲೆಕ್ಕದಲ್ಲಿ 48 ಗ್ರಾಂ. ಮೂರನ್ನೂ 16 ಗ್ರಾಂ ತೆಗೆದು, ತರಿತರಿಯಾಗಿ ಜಜ್ಜಿ, 768 ಮಿಲಿ ನೀರಿಗೆ ಹಾಕಿ ಮುಚ್ಚಳ ತೆರೆದು ಸಣ್ಣ ಉರಿಯಲ್ಲಿ 96 ಮಿಲಿಗೆ ಇಳಿಸಿ. ಎಷ್ಟು ಸಲ ಕುಡಿಯಬೇಕು, ಎಣ್ಣೆ ಬೆರೆಸಬೇಕಾ, ಯಾವ ಎಣ್ಣೆ ಎಂಬುದು ನಿಮ್ಮ ವೈದ್ಯರು ಹೇಳಿದಂತೆ. ಇಡೀ ಕಡ್ಡಿಯನ್ನು ಹಾಗೇ ಹಾಕಿದರೆ ನೀರು ಆವಿಯಾಗುತ್ತದೆ, ಸಾರ ಕಡ್ಡಿಯೊಳಗೇ ಉಳಿಯುತ್ತದೆ. ದೇವದಾರುವಿನ ಚಕ್ಕೆಯನ್ನು ಮರೆಯದೆ ಜಜ್ಜಿ.

ಬೇಲಿಯದ್ದನ್ನು ಹಾಕಬಹುದಾ ಎಂದು ಕೇಳಿದಿರಿ. ವೈದ್ಯರು ಕೇರಳದ ಕ್ರಮದಲ್ಲಿ ಬರೆದಿದ್ದರೆ ಅವರ ಮನಸ್ಸಿನಲ್ಲಿರುವುದು ಕರಿಂಕುರಿಞ್ಞಿ, ಅಳತೆಯೂ ಅದಕ್ಕೆ ಹೊಂದಿದ್ದು. ಅವರನ್ನು ಕೇಳದೆ ಬದಲಿಸಬೇಡಿ. ಎರಡನ್ನೂ ಅರ್ಧರ್ಧ ಸೇರಿಸುವುದಂತೂ ಬೇಡವೇ ಬೇಡ. ಹಾಗೆ ಮಾಡಿದರೆ ಗುಣವಾದರೂ, ಆಗದಿದ್ದರೂ ಯಾವುದರಿಂದ ಎಂದು ವೈದ್ಯರಿಗೂ ಗೊತ್ತಾಗುವುದಿಲ್ಲ.

ಉರುಳಿ:

ಕಷಾಯದ ಮಾತು ಪದವಿನಂಚು ಅಣ್ಣ ಸರಿಯಾಗಿ ಹೇಳಿದ್ದಾರೆ. ಎಣ್ಣೆಯ ಪಾಕ ನಾನು ಬರೆಯುತ್ತೇನೆ. ಇದಕ್ಕೆ ಮುಳ್ಳುಗೋರಂಟೆಯೇ ಆಗಬೇಕು.

ಎಣ್ಣೆ ಕಾಯಿಸಲು ಶಾರ್ಙ್ಗಧರದ ಲೆಕ್ಕ: ಎಣ್ಣೆಯ ನಾಲ್ಕು ಪಾಲು ದ್ರವ. ಆ ದ್ರವ ಹಸಿ ರಸವಾದರೆ ಅರೆದ ಮುದ್ದೆ, ಅಂದರೆ ಕಲ್ಕ, ಎಣ್ಣೆಯ ಎಂಟನೇ ಒಂದು ಪಾಲು. ಕಷಾಯವಾದರೆ ಆರನೇ ಒಂದು, ಬರೀ ನೀರಾದರೆ ನಾಲ್ಕನೇ ಒಂದು. ಮುಳ್ಳುಗೋರಂಟೆಯ ಎಲೆ ಆಡುಸೋಗೆಯಷ್ಟು ರಸ ಬಿಡುವುದಿಲ್ಲ. ಒಂದು ಲೀಟರ್ ರಸ ಬೇಕಾದರೆ ರಾಶಿ ಎಲೆ ಕೊಯ್ಯಬೇಕು, ಮುಳ್ಳಿನ ನಡುವೆ ಅದು ಸಾಗುವ ಕೆಲಸವಲ್ಲ. ಹಾಗಾಗಿ ಮನೆಗೆ ಕಷಾಯದ ದಾರಿ ಒಳ್ಳೆಯದು.

ಎಲೆ ಮತ್ತು ಎಳೆ ಕುಡಿ ಸೇರಿ 550 ಗ್ರಾಂ ಕೊಯ್ಯಿರಿ. ಕೊಂಬೆಯನ್ನು ಅಡಿಕೆ ಹಾಳೆಯ ತುಂಡಿನಲ್ಲಿ ಹಿಡಿದು, ಕತ್ತರಿಯಿಂದ ಎಲೆಯ ತೊಟ್ಟನ್ನು ಮಾತ್ರ ಕತ್ತರಿಸಿದರೆ ಮುಳ್ಳು ಗಿಡದಲ್ಲೇ ಉಳಿಯುತ್ತದೆ. ಕೈಯಿಂದ ಸವರಿ ಎಳೆದರೆ ಮುಳ್ಳೂ ಬರುತ್ತದೆ, ಅರೆಯುವಾಗ ಅದು ತುಂಡಾಗಿ ಮುದ್ದೆಯೊಳಗೆ ಸೇರುತ್ತದೆ. ಒಡೆದ ಹಿಮ್ಮಡಿಗೆ ಅಂಥದ್ದು ಹೊಕ್ಕರೆ ಕೀವಾಗಲು ಅದೊಂದೇ ಸಾಕು. ತೊಳೆದು, ಬಟ್ಟೆಯ ಮೇಲೆ ಹರಡಿ ನೀರು ಆರಿಸಿ.

ಅದರಲ್ಲಿ 500 ಗ್ರಾಂ ಎಲೆಯನ್ನು ಹೆಚ್ಚಿ 4 ಲೀಟರ್ ನೀರಿನಲ್ಲಿ ಕುದಿಸಿ 1 ಲೀಟರಿಗೆ ಇಳಿಸಿ, ತೆಳು ಬಟ್ಟೆಯಲ್ಲಿ ಸೋಸಿ. ಉಳಿದ ಎಲೆಯಿಂದ 40 ಗ್ರಾಂ ತೆಗೆದು ಕಲ್ಲಿನಲ್ಲಿ ಬೆಣ್ಣೆಯಷ್ಟು ನುಣ್ಣಗೆ ಅರೆಯಿರಿ. ದಪ್ಪ ತಳದ ಉರುಳಿಗೆ 250 ಮಿಲಿ ತೆಂಗಿನೆಣ್ಣೆ ಹಾಕಿ, ಸ್ವಲ್ಪ ಬಿಸಿಯಾದ ಮೇಲೆ ಮುದ್ದೆ, ಅದರ ಹಿಂದೆ ಕಷಾಯ. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಕೊನೆಗೆ ನೊರೆ ಉಕ್ಕುತ್ತದೆ.

ಕಾಯಿಸುವಾಗ ನೆನಪಿಡಬೇಕಾದ್ದು ಒಂದೇ: ನೀರಿನಂಶ ಇರುವ ತನಕ ಎಣ್ಣೆಯ ಬಿಸಿ ಕುದಿನೀರಿನ ಆಸುಪಾಸಿನಲ್ಲೇ ನಿಲ್ಲುತ್ತದೆ, ನೀರು ಮುಗಿದ ಕ್ಷಣದಿಂದ ಸರ್ರನೆ ಏರುತ್ತದೆ. ಮೊದಲ ಮುಕ್ಕಾಲು ಭಾಗ ಯಾರೂ ಕೆಡಿಸುವುದಿಲ್ಲ, ಕೆಡುವುದು ಕೊನೆಯಲ್ಲಿ. ಆಗ ಒಲೆಯ ಬುಡ ಬಿಟ್ಟು ಹೋಗಬಾರದು. ಉರಿ ತೀರಾ ಸಣ್ಣ ಮಾಡಿ, ಸೌಟನ್ನು ತಳ ಮುಟ್ಟಿಸಿ ಆಡಿಸುತ್ತಾ ಇರಬೇಕು. ಮುದ್ದೆ ತಳದಲ್ಲಿ ಕೂತರೆ ಕರಟಿ ಎಣ್ಣೆಗೆ ಸುಟ್ಟ ವಾಸನೆ ಬರುತ್ತದೆ, ಅದಕ್ಕೆ ರಿಪೇರಿ ಇಲ್ಲ.

ಪಾಕ ಬಂದಿದೆಯಾ ಎಂದು ನೋಡಲು ಸೌಟಿಗೆ ಅಂಟಿದ ಮುದ್ದೆಯನ್ನು ತೆಗೆದು ಬೆರಳಲ್ಲಿ ಉರುಟಿ. ಕೈಗೆ ಮೆತ್ತಿದರೆ ಇನ್ನೂ ಆಗಿಲ್ಲ. ಬೆರಳಿಗೆ ಅಂಟದೆ ಬತ್ತಿಯಂತೆ ಉದ್ದಕ್ಕೆ ಬಂದರೆ ಹದ, ಮಲೆಯಾಳಿ ವೈದ್ಯರ ಮೆಳುಕುಪಾಕ (ಮೇಣದ ಹದ) ಎಂದರೆ ಇದರ ಹತ್ತಿರ. ಮರಳಿನಂತೆ ಉದುರಿದರೆ ಹದ ದಾಟಿತು. ಆ ಬತ್ತಿಯನ್ನು ಬೆಂಕಿಗೆ ಹಿಡಿಯಿರಿ. ಚಟಚಟ ಸದ್ದು ಬಂದರೆ ನೀರಿದೆ, ಸುಮ್ಮನೆ ಉರಿದರೆ ಇಲ್ಲ. ಎಣ್ಣೆಯ ಪಾಕದಲ್ಲಿ ಕೊನೆಗೆ ನೊರೆ ಏಳುತ್ತದೆ, ತುಪ್ಪದಲ್ಲಾದರೆ ನೊರೆ ಅಡಗುತ್ತದೆ. ಎರಡೂ ಪರೀಕ್ಷೆ ಮಾಡಿ. ನಿಮ್ಮ ಎಣ್ಣೆ ತಿಂಗಳೊಳಗೆ ಮುಗ್ಗುವುದು ಈ ಸದ್ದಿನ ಪರೀಕ್ಷೆ ಆಗದೆ ಇಳಿಸುವುದರಿಂದಲೇ ಇರಬೇಕು. ಇಳಿಸಿದ ಕೂಡಲೇ ಬಿಸಿಯಲ್ಲೇ ಬಟ್ಟೆಯಲ್ಲಿ ಸೋಸಿ. ಮುದ್ದೆಯನ್ನು ತೀರಾ ಹಿಂಡಬೇಡಿ, ಕೊನೆಯ ಹನಿಯ ಆಸೆಗೆ ಗಸಿ ಇಳಿಯುತ್ತದೆ. ಬಿಸಿಲಲ್ಲಿ ಒಣಗಿಸಿದ ಗಾಜಿನ ಬಾಟ್ಲಿಗೆ ಹಾಕಿ, ಪೂರ್ತಿ ತಣಿದ ಮೇಲೆ ಮುಚ್ಚಳ ಹಾಕಿ. ಬಿಸಿಯಲ್ಲೇ ಮುಚ್ಚಿದರೆ ಮುಚ್ಚಳದೊಳಗೆ ಬೆವರಿ ಅದೇ ನೀರು ಎಣ್ಣೆಗೆ ಬೀಳುತ್ತದೆ. ಮರುದಿನ ತಳದಲ್ಲಿ ಮಬ್ಬು ಕಂಡರೆ ಮತ್ತೊಮ್ಮೆ ಸಣ್ಣ ಉರಿಯಲ್ಲಿ ಗುಳ್ಳೆ ನಿಲ್ಲುವ ತನಕ ಕಾಯಿಸಿ.

ಹಿಮ್ಮಡಿಗೆ ಸ್ವಲ್ಪ ಗಟ್ಟಿ ಬೇಕಿದ್ದರೆ ಸೋಸಿದ 250 ಮಿಲಿ ಎಣ್ಣೆಗೆ 25 ಗ್ರಾಂ ಜೇನುಮೇಣ ಕರಗಿಸಿ, ಮುಲಾಮಿನ ಹದ ಬರುತ್ತದೆ. ಮೇಣವನ್ನು ಮುದ್ದೆ ಇರುವಾಗ ಹಾಕಬೇಡಿ, ಸೋಸಲಿಕ್ಕೇ ಆಗದು.

ಪದವಿನಂಚು:

ಎಣ್ಣೆಯ ವಿಷಯದಲ್ಲಿ ಒಂದು ಸೇರಿಸಬೇಕು, ಉರುಳಿ ಅಕ್ಕ. ಹಿಮ್ಮಡಿಯ ಒಡಕಿಗೆ ಎಣ್ಣೆ ಸರಿ. ಬೆರಳ ಸಂದಿಯ ಕೆಸರುಹುಣ್ಣಿಗೆ ಎಣ್ಣೆಯೇ ತೊಂದರೆ ಮಾಡಬಹುದು. ಅಲ್ಲಿ ಆಗುವುದು ಚರ್ಮ ನೀರಿನಲ್ಲಿ ನೆನೆದು ಬಿಳಿಚಿ ಮೆತ್ತಗಾಗುವುದು, ಆ ಮೇಲೆ ಶಿಲೀಂಧ್ರ ಹತ್ತುವುದು. ಒದ್ದೆ ಸಂದಿಯ ಮೇಲೆ ಎಣ್ಣೆ ಹಚ್ಚಿದರೆ ತೇವ ಒಳಗೇ ಉಳಿಯುತ್ತದೆ.

ಕೆಸರಿಗೆ ಇಳಿಯುವ ಮೊದಲು ಹಸಿ ರಸ ಹಚ್ಚುವುದು ಹಳೆಯ ಕ್ರಮ. ಕೊಂಕಣ ಕರಾವಳಿಯಲ್ಲಿ ಮಳೆಗಾಲದಲ್ಲಿ ಪಾದಕ್ಕೆ ಹೀಗೆ ಹಚ್ಚುವುದು 19ನೇ ಶತಮಾನದ ದಾಖಲೆಗಳಲ್ಲೇ ಉಂಟು. ಎರಡು ಹಿಡಿ ಎಲೆ ಜಜ್ಜಿ, ಒಂದೆರಡು ಚಮಚ ನೀರು ಚಿಮುಕಿಸಿ ಹಿಂಡಿ, ಒಣಗಿದ ಅಂಗಾಲಿಗೆ, ಹಿಮ್ಮಡಿಗೆ, ಸಂದಿಗೆ ಸವರಿ ಕಾಲು ಗಂಟೆ ಒಣಗಲು ಬಿಡಿ. ರಸದ ಒಗರು ಚರ್ಮವನ್ನು ಬಿಗಿ ಮಾಡುತ್ತದೆ. ಒಡೆದು ರಕ್ತ ಬರುವಲ್ಲಿ ಹಚ್ಚಬೇಡಿ, ಉರಿಯುತ್ತದೆ, ಹಸಿ ಎಲೆಯ ಕೊಳೆಯೂ ಗಾಯಕ್ಕೆ ಸೇರುತ್ತದೆ. ಹಿಮ್ಮಡಿಯ ಎಣ್ಣೆ ರಾತ್ರಿಗೆ ಇರಲಿ, ಕಾಲು ತೊಳೆದು ಬೆರಳ ಸಂದಿಯನ್ನು ಬಟ್ಟೆಯಲ್ಲಿ ಒರೆಸಿದ ಮೇಲೆ. ಹಗಲು ಎಣ್ಣೆ ಹಚ್ಚಿ ಪಾಚಿ ಹಿಡಿದ ಮುರಕಲ್ಲಿನ ಮೆಟ್ಟಿಲಿಳಿದರೆ ಜಾರುವುದು ಖಂಡಿತ.

ಸಕ್ಕರೆ ಕಾಯಿಲೆ ಇರುವವರ ಕಾಲಿನ ಯಾವುದೇ ಒಡಕು, ಹುಣ್ಣಿಗೆ ಈ ಯಾವುದೂ ಬೇಡ. ಅಂಥವರಿಗೆ ಕಾಲಿನ ಸ್ಪರ್ಶ ಕಡಿಮೆ ಇರುವುದರಿಂದ ಹುಣ್ಣು ಆಳಕ್ಕೆ ಹೋದದ್ದೇ ತಿಳಿಯುವುದಿಲ್ಲ. ನೇರ ಡಾಕ್ಟರ ಬಳಿ ಹೋಗಬೇಕು.

ಪೆರ್ಲದ ತೋಟ:

ಇಬ್ಬರಿಗೂ ತುಂಬಾ ಉಪಕಾರ. ಕಷಾಯಕ್ಕೆ ಅಂಗಡಿಯದ್ದನ್ನೇ ಹಾಕುತ್ತೇವೆ. ಇನ್ನೆರಡು ಪ್ರಶ್ನೆ. ಮಕ್ಕಳ ಕಫದ ಕೆಮ್ಮಿಗೆ ಮುಳ್ಳುಗೋರಂಟೆಯ ರಸವನ್ನು ಜೇನಿನಲ್ಲಿ ಕೊಡುವುದುಂಟು, ಹಲ್ಲುನೋವಿಗೆ ಎಲೆ ಜಗಿಯುವುದೂ ಉಂಟು. ಅದು ಸರಿಯಾ? ನಮ್ಮಲ್ಲಿ ಗಿಡ ಇರುವುದು ಅಡಿಕೆ ತೋಟದ ಬೇಲಿಯಲ್ಲಿ, ಅಗಳಿನ ಮೇಲೆ.

ಅಗಳುಬದಿ:

ತೋಟದ ಬೇಲಿ ಎಂದದ್ದರಿಂದ ಮೊದಲು ಅದನ್ನೇ ಹೇಳಬೇಕು. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಟ್ಟ ತೋಟದ ಬೇಲಿಯಿಂದ ಹೊಟ್ಟೆಗೆ ಕೊಡುವ ಎಲೆ ಕೊಯ್ಯಲೇಬಾರದು. ಬೋರ್ಡೋ ದ್ರಾವಣ ಎಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಮಳೆಗೆ ಕೊಚ್ಚಿ ಹೋಗದೆ ಅಂಟಿ ನಿಲ್ಲಲಿ ಎಂದೇ ಮಾಡುವ ಮದ್ದು ಅದು. ಮೇಲಿನಿಂದ ಬೀಳುವ ಹನಿ ಬೇಲಿಯ ಮೇಲೂ ಕೂರುತ್ತದೆ, ಒಂದು ಸಲ ತೊಳೆದರೆ ಹೋಗುವುದಿಲ್ಲ. ಮೊದಲ ಸಿಂಪಡಣೆ ಮಳೆಯ ಆರಂಭಕ್ಕೆ, ಎರಡನೆಯದು 40-45 ದಿನ ಕಳೆದು. ಮಕ್ಕಳಿಗೆ ಕೆಮ್ಮು ಹೆಚ್ಚುವ ಕಾಲವೂ ಅದೇ. ತಾಮ್ರದ ಅಂಶ ಹೊಟ್ಟೆಗೆ ಹೋದರೆ ಹೊಟ್ಟೆನೋವು, ವಾಂತಿ. ಹಸಿರು ಎಲೆಯಲ್ಲಿ ತಿಳಿನೀಲಿ ಕಲೆ ಕಣ್ಣಿಗೆ ಬೀಳಬೇಕೆಂದೂ ಇಲ್ಲ. ಕಳೆನಾಶಕ ಬಿಡುವ ರಸ್ತೆಬದಿ, ರೈಲು ಹಳಿಯ ಬದಿಯೂ ಬೇಡ. ಮದ್ದಿಗೆಂದು ಎರಡು ಗಿಡ ಮನೆಯ ಅಂಗಳದ ಮೂಲೆಯಲ್ಲಿ, ತೋಟದಿಂದ ದೂರ ನೆಟ್ಟುಕೊಳ್ಳಿ.

ಕೆಮ್ಮಿನ ವಿಷಯ. ಎಲೆಯ ರಸಕ್ಕೆ ಜೇನು ಸೇರಿಸಿ ಕಫಕ್ಕೆ ಕೊಡುವುದು ಹಳೆಯ ಬಳಕೆ, ಭಾವಪ್ರಕಾಶ ಎಂಬ ಹಳೆಯ ವೈದ್ಯಗ್ರಂಥವೂ ಸೈರೇಯಕದ, ಅಂದರೆ ಗೋರಂಟೆ ಜಾತಿಯ ಗಿಡದ, ಗುಣ ಹೇಳುವಾಗ ಕಫ, ತುರಿಕೆ, ಚರ್ಮರೋಗ, ವಾತರಕ್ತ ಹೋಗಲಾಡಿಸುತ್ತದೆ ಎನ್ನುತ್ತದೆ. ಹಳದಿ ಹೂವಿನದ್ದಕ್ಕೆ ಅಲ್ಲಿ ಕುರಂಟಕ ಎಂಬ ಹೆಸರು. ಉಸಿರಾಟದ ಕಾಯಿಲೆ ತರುವ ಒಂದು ವೈರಸ್ಸಿನ ಮೇಲೆ ಈ ಗಿಡದ ಇರಿಡಾಯ್ಡ್ ಎಂಬ ರಾಸಾಯನಿಕ ಅಂಶಗಳು ಪರಿಣಾಮ ಮಾಡಿದ್ದು 1998ರಲ್ಲಿ ಪ್ರಕಟವಾಗಿದೆ, ಆದರೆ ಅದು ಪ್ರಯೋಗಾಲಯದ ಜೀವಕೋಶಗಳಲ್ಲಿ ಬೇರ್ಪಡಿಸಿದ ಶುದ್ಧ ಅಂಶದಿಂದ. ಮನೆಯಲ್ಲಿ ಹಿಂಡಿದ ರಸ ಮಗುವಿನ ಎದೆಯ ಸೋಂಕು ವಾಸಿ ಮಾಡುತ್ತದೆ ಎಂದು ಅದರಿಂದ ಅರ್ಥ ಮಾಡಿಕೊಳ್ಳಬಾರದು.

ಒಂದು ವರ್ಷದೊಳಗಿನ ಮಗುವಿಗೆ ಜೇನು ಯಾವ ಮದ್ದಿನ ಜೊತೆಗೂ ಕೊಡಬಾರದು. ಜೇನಿನಲ್ಲಿ ಇರಬಹುದಾದ ಬೊಟುಲಿಸಂ ಬೀಜಾಣುಗಳು ಆ ಪ್ರಾಯದ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡಬಲ್ಲವು. ದೊಡ್ಡ ಮಕ್ಕಳಿಗೂ ಪ್ರಾಯ, ತೂಕ ನೋಡಿ ವೈದ್ಯರು ಅಳತೆ ಹೇಳಿದ ಮೇಲೆಯೇ ಕೊಡಿ, ಪಂಚಾಯತಿನ ಸರ್ಕಾರಿ ಆಯುರ್ವೇದ ಡಿಸ್ಪೆನ್ಸರಿಯಲ್ಲಿ ಕೇಳಿದರೆ ಹೇಳುತ್ತಾರೆ. ಉಸಿರೆಳೆಯುವಾಗ ಪಕ್ಕೆಲುಬು ಒಳಗೆ ಸೆಳೆಯುತ್ತಿದ್ದರೆ, ಮಗು ಹಾಲು ಬಿಟ್ಟರೆ, ತುಟಿ ನೀಲಿಯಾದರೆ ರಸ ಹಿಂಡುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ.

ಹಲ್ಲಿಗೆ ಇದು ನಿಜಕ್ಕೂ ಒಳ್ಳೆಯ ಗಿಡ. ಮರಾಠಿಯಲ್ಲಿ, ಹಿಂದಿಯಲ್ಲಿ ವಜ್ರದಂತಿ ಎಂದು ಕರೆಯುವುದು ಇದನ್ನು. ಎಲೆ ಜಗಿಯುವುದಾದರೆ ತುದಿಯ ಚುಚ್ಚನ್ನು ಚಿವುಟಿ ತೆಗೆಯಿರಿ. ಅದಕ್ಕಿಂತ ಒಳ್ಳೆಯದು ಬಾಯಿ ಮುಕ್ಕಳಿಸುವುದು: ಜಜ್ಜಿದ ಬೇರು 20 ಗ್ರಾಂ, ನೀರು 320 ಮಿಲಿ, 80 ಮಿಲಿಗೆ ಇಳಿಸಿ, ಒಂದು ಚಿಟಿಕೆ ಕಲ್ಲುಪ್ಪು. ಉಗುರುಬೆಚ್ಚಗೆ ಬಾಯಲ್ಲಿ ಹಿಡಿದು ಉಗುಳುವುದು, ನುಂಗುವುದಲ್ಲ. ವಸಡಿನ ಊತ, ರಕ್ತ ಜಿನುಗುವುದಕ್ಕೆ ಹಿತ. ಹುಳುಕು ಹಲ್ಲಿನ ತೂತು ಇದರಿಂದ ಮುಚ್ಚುವುದಿಲ್ಲ. ಕೆನ್ನೆ ಬಾತು ಜ್ವರ ಬಂದರೆ ಕೀವು ತುಂಬಿದೆ ಎಂದೇ ಲೆಕ್ಕ, ಅದು ದಂತವೈದ್ಯರ ಕೆಲಸ.

ಬಸುರಿಯರು, ಮಗು ಬಯಸುವ ದಂಪತಿಗಳು ಇದನ್ನು ಹೊಟ್ಟೆಗೆ ತೆಗೆದುಕೊಳ್ಳದಿರುವುದು ಒಳ್ಳೆಯದು. ಬೇರಿನ ಸಾರ ಕೊಟ್ಟ ಗಂಡು ಇಲಿಗಳಲ್ಲಿ ಫಲವಂತಿಕೆ ಇಳಿದದ್ದು ಪ್ರಯೋಗದಲ್ಲಿ ಕಂಡಿದೆ. ಹೊರಗೆ ಹಚ್ಚಲು ಈ ಆತಂಕ ಬೇಡ.

ಗಿಡಗೆಳತಿ:

ಅಂಗಳದಲ್ಲಿ ನೆಡುವ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಬೀಜಕ್ಕಿಂತ ಕಡ್ಡಿ ಸುಲಭ. ಪೆನ್ಸಿಲ್ ದಪ್ಪದ, ಬಲಿತರೂ ತೀರಾ ಮರವಾಗದ ಕಡ್ಡಿಯನ್ನು ಒಂದು ಗೇಣು ಉದ್ದಕ್ಕೆ, ಮೂರ್ನಾಲ್ಕು ಗೆಣ್ಣು ಬರುವಂತೆ ಕತ್ತರಿಸಿ, ಎರಡು ಗೆಣ್ಣು ಮಣ್ಣಿನೊಳಗೆ. ಮೊದಲ ಮಳೆ ಬಿದ್ದು ಭೂಮಿಯ ಕಾವು ಇಳಿದ ಮೇಲೆ ನೆಡಿ. ಜಡಿಮಳೆಯಲ್ಲಿ ನೀರು ನಿಲ್ಲುವಲ್ಲಿ ನೆಟ್ಟರೆ ಬುಡ ಕೊಳೆಯುತ್ತದೆ, ದರೆಯ ಮೇಲೋ ಎತ್ತರಿಸಿದ ಮಣ್ಣಿನಲ್ಲೋ ಇರಲಿ. ಬೇಲಿಗಾದರೆ ಒಂದಡಿಗೊಂದು. ನೆರಳಲ್ಲಿ ಬದುಕುತ್ತದೆ, ಆದರೆ ಉದ್ದಕ್ಕೆ ಸೊರಗಿ ಹೂ ಕಡಿಮೆ.

ಬೀಜ ಬೇಕೆಂದಿದ್ದರೆ ಕಾಯಿ ಕಂದು ಬಣ್ಣಕ್ಕೆ ತಿರುಗುವಾಗಲೇ ಕೊಯ್ದು ಬಟ್ಟೆಯಲ್ಲಿ ಕಟ್ಟಿ ಬಿಸಿಲಿಗೆ ಇಡಿ. ಗಿಡದಲ್ಲೇ ಬಿಟ್ಟರೆ ಕಾಯಿ ಸಿಡಿದು ಬೀಜ ದೂರ ಹಾರುತ್ತದೆ. ಬೀಜದ ಮೇಲಿನ ರೋಮ ನೀರು ತಾಗಿದಾಗ ಲೋಳೆಯಾಗಿ ಮಣ್ಣಿಗೆ ಅಂಟಿಕೊಳ್ಳುತ್ತದೆ. ಈ ಗುಣದಿಂದಲೇ ಅದು ಬೇಗ ಹರಡುವುದು. ಆಸ್ಟ್ರೇಲಿಯಾದ ಉತ್ತರ ಭಾಗದಲ್ಲಿ ದೊಡ್ಡ ಕಳೆಯಾಗಿ ಕೂತಿದೆ. ಹಾಗಾಗಿ ಹೂ ಮುಗಿದ ಕೂಡಲೇ ಕಾಯಿ ಬಲಿಯುವ ಮೊದಲು ತುದಿ ಕತ್ತರಿಸಿಬಿಡಿ. ಹೊಸ ಚಿಗುರೂ ಬರುತ್ತದೆ, ಎಣ್ಣೆಗೆ ಬೇಕಾದ ಎಳೆ ಎಲೆಯೂ ಸಿಗುತ್ತದೆ.

ಬೇರು ತೆಗೆಯುವುದು ಎರಡು ವರ್ಷ ಕಳೆದ ಗಿಡದಿಂದ, ಮಳೆ ಮುಗಿದು ಮಣ್ಣು ಇನ್ನೂ ಮೆತ್ತಗಿರುವಾಗ. ಮೇ ತಿಂಗಳಿಗೆ ಬಿಟ್ಟರೆ ಮುರಮಣ್ಣು ಕಲ್ಲಾಗಿ ಬೇರು ತುಂಡು ತುಂಡಾಗುತ್ತದೆ. ಬುಡದ ಒಂದು ಬದಿಯನ್ನು ಮಾತ್ರ ಕೆದಕಿ ಪಕ್ಕದ ಬೇರು ಕತ್ತರಿಸಿ ಮಣ್ಣು ಮುಚ್ಚಿ, ಇನ್ನೊಂದು ಬದಿ ಮುಂದಿನ ವರ್ಷಕ್ಕೆ. ತೊಳೆದು, ಹಸಿ ಇರುವಾಗಲೇ ಬೆರಳುದ್ದ ತುಂಡು ಮಾಡಿ ನೆರಳಲ್ಲಿ ಒಣಗಿಸಿ, ಒಣಗಿದ ಮೇಲೆ ಕತ್ತಿ ತಾಗುವುದಿಲ್ಲ. ಬಗ್ಗಿಸಿದರೆ ಚಟ್ಟೆಂದು ಮುರಿಯುವ ತನಕ ಒಣಗಿಸಿಯೇ ಡಬ್ಬಿಗೆ ಹಾಕಿ. ಬಗ್ಗಿಯೂ ಮುರಿಯದಿದ್ದರೆ ಒಳಗೆ ತೇವ ಉಂಟು, ಆಟಿ ತಿಂಗಳಿಗೆ, ಜಡಿಮಳೆಯ ಕಾಲಕ್ಕೆ, ಬೂಸಲು ಹಿಡಿಯುತ್ತದೆ. ಬೂಸಲು ಬಂದದ್ದನ್ನು ತೊಳೆದು ಬಳಸಬೇಡಿ, ಬಿಸಾಡಿ.